ಅಗ್ಗದ ಟ್ಯಾಬ್: ಒತ್ತಕ್ಷರ ಕಾಣುತ್ತದೆಯೇ?

ಸಂಪಾದಕರಿಗೆ,

ಹಬ್ಬದ ರಿಯಾಯಿತಿ ಶುರುವಾದರೆ ಸಾಕು, ಅಗ್ಗದ ಟ್ಯಾಬ್‌ಗಳ ಜಾಹೀರಾತು ಪುಟ ತುಂಬುತ್ತವೆ. ‘8 ಜಿಬಿ ರ‍್ಯಾಮ್’ ಎಂಬುದು ದಪ್ಪಕ್ಷರದಲ್ಲಿ. ಅದರಲ್ಲಿ ಅಸಲಿ 4 ಜಿಬಿ, ಉಳಿದದ್ದು ಸ್ಟೋರೇಜಿನಿಂದ ತಂದ ಕಡ ಎಂಬ ಮಾತು ಇರುವೆ ಗಾತ್ರದಲ್ಲಿ. ಓದುವುದಕ್ಕೆಂದು ಕೊಳ್ಳುವವರಿಗೆ ಬೇಕಾದ ಪರದೆಯ ಲೆಕ್ಕವನ್ನು ಮಾತ್ರ ಯಾರೂ ಹೇಳುವುದಿಲ್ಲ.

10.1 ಇಂಚಿನ ಪರದೆಯಲ್ಲಿ 1280×800 ಪಿಕ್ಸೆಲ್ ಇದ್ದರೆ ಇಂಚಿಗೆ ಸುಮಾರು 150 ಬೀಳುತ್ತದೆ. ಇಂಗ್ಲಿಷಿಗೆ ಅದು ಹೇಗೋ ನಡೆಯುತ್ತದೆ. ಕನ್ನಡದಲ್ಲಿ ‘ಸ್ತ್ರೀ’, ‘ಲಕ್ಷ್ಮಿ’ ಬಂದಲ್ಲೆಲ್ಲ ಒತ್ತಕ್ಷರ ಕಲಸಿಹೋಗಿ ಕಣ್ಣು ಬೇಗ ಸೋಲುತ್ತದೆ. ಅದೇ ಅಳತೆಯಲ್ಲಿ 1920×1200 ಇದ್ದರೆ ಇಂಚಿಗೆ 224. ಸ್ವಲ್ಪ ಹೆಚ್ಚು ಹಣ ಹೋದರೂ ಇದನ್ನೇ ಕೊಳ್ಳಿ. ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳಲೂ ಹೋಗಬೇಡಿ.

ಗಾತ್ರಕ್ಕೂ ಕಾರಣವಿದೆ. ಡೆಮಿ 1/8 ಎಂಬ ಮಾಮೂಲಿ ಅಳತೆಯ ಪುಸ್ತಕದ ಪುಟ 5.5×8.5 ಇಂಚು; ಮೂಲೆಯಿಂದ ಮೂಲೆಗೆ ಅಳೆದರೆ 10.1. ಹಳೆಯ ಪುಸ್ತಕಗಳ ಸ್ಕ್ಯಾನ್ ಪಿಡಿಎಫ್ ಹೆಚ್ಚುಕಡಿಮೆ ಅಸಲಿ ಅಳತೆಯಲ್ಲೇ ಕಾಣುತ್ತದೆ. 7 ಇಂಚಿನಲ್ಲಿ ಪ್ರತಿ ಸಾಲಿಗೂ ಹಿಗ್ಗಿಸಿ ಎಳೆದಾಡಬೇಕು. ಕಣ್ಣು ಮಂಜಾದ ಹಿರಿಯರಿಗೆ ಟ್ಯಾಬ್ ಗಟ್ಟಿಯಾಗಿ ಓದಿ ಹೇಳುತ್ತದೆ ನಿಜ, ಆದರೆ ಯುನಿಕೋಡ್ (ಈಗ ಫೋನು, ಜಾಲತಾಣಗಳೆಲ್ಲ ಬಳಸುವ ಅಕ್ಷರ ಸಂಕೇತ) ಪಠ್ಯವನ್ನು ಮಾತ್ರ. ಸ್ಕ್ಯಾನ್ ಪುಟ ಅದಕ್ಕೆ ಬರೀ ಚಿತ್ರ. ‘ನುಡಿ’ ತಂತ್ರಾಂಶದ ಹಳೇ ಫಾಂಟಿನ ಪಿಡಿಎಫ್ ಕೊಟ್ಟರೆ ಏನೇನೋ ಗೊಣಗುತ್ತದೆ.

ಸಿಮ್ ಇರುವ ಟ್ಯಾಬ್ ಬೇಕೆನ್ನುವ ಶಿರಸಿ, ಸಿದ್ದಾಪುರ, ಜೋಯಿಡಾ ಕಡೆಯವರು ಬ್ಯಾಂಡ್ 28 (ಸಿಗ್ನಲ್ಲಿನ ಒಂದು ತರಂಗ ಪಟ್ಟಿ) ಇದೆಯೇ ನೋಡಿಕೊಳ್ಳಿ. ಬಿಎಸ್‌ಎನ್‌ಎಲ್ 4ಜಿ ಬಳಸುವ 700 ಮೆಗಾಹರ್ಟ್ಸ್ ಅದೇ. ಕಾಡು, ಗುಡ್ಡದ ನಡುವೆ ದೂರ ಮುಟ್ಟುವುದು ಇಂಥ ಕಡಿಮೆ ಆವರ್ತನದ ಅಲೆ. ಬ್ಯಾಂಡ್ ಇಲ್ಲದ ಟ್ಯಾಬಿಗೆ ಟವರ್ ಎದುರಿಗಿದ್ದರೂ ಆ ಸಿಗ್ನಲ್ ಸಿಗದು. ಫೋನಿನ ಹಾಟ್‌ಸ್ಪಾಟ್ ಸಾಕೆನ್ನುವವರು ವೈ-ಫೈ ಮಾದರಿ ಕೊಂಡು ಹಣ ಉಳಿಸಬಹುದು. ಒಟಿಟಿ ನೋಡುವವರಿಗೆ ವೈಡ್‌ವೈನ್ ಎಲ್1 (ವಿಡಿಯೊ ನಕಲಾಗದಂತೆ ಕಾಯುವ ವ್ಯವಸ್ಥೆಯ ಮೇಲಿನ ಮಟ್ಟ) ಬೇಕು, ಕೆಳಗಿನ ಎಲ್3 ಇದ್ದರೆ ಚಿತ್ರದ ಸ್ಪಷ್ಟತೆ ಸಾಮಾನ್ಯವಾಗಿ 480ಪಿಗೇ ನಿಲ್ಲುತ್ತದೆ.

ಆನ್‌ಲೈನಿನಲ್ಲಿ ತರಿಸಿದರೆ ಪೊಟ್ಟಣ ಬಿಚ್ಚುವಾಗಲೇ ವಿಡಿಯೊ ಮಾಡಿಕೊಳ್ಳಿ. ಹೆಸರು ಕೇಳದ ಕಂಪನಿಯದಾದರೆ, ವಾಪಸಾತಿಯ ಅವಧಿ ಮುಗಿಯುವುದರೊಳಗೆ ದೊಡ್ಡ ವಿಡಿಯೊಗಳನ್ನು ಹಾಕಿ ಸ್ಟೋರೇಜ್ ತುಂಬಿಸಿ, ಮೊದಲು ಹಾಕಿದ್ದನ್ನು ತೆರೆದು ನೋಡಿ. ಸುಳ್ಳು 512 ಜಿಬಿಯ ಬಣ್ಣ ಅಲ್ಲಿ ಬಯಲಾಗುತ್ತದೆ. ಚಾರ್ಜರಿನ ಮೇಲಿನ ‘ಆರ್’ ಎಂದು ಶುರುವಾಗುವ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೊದ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ನೋಂದಣಿ ಅಸಲಿಯೋ ಎಂದು ತಿಳಿಯುತ್ತದೆ. ಮಾರಿದವರು ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಕಾರವಾರ, ಅಂಕೋಲಾ, ಕುಮಟಾದ ಮಳೆಗಾಲದಲ್ಲಿ ಕೆಡುವುದು ಹೆಚ್ಚಾಗಿ ಟೈಪ್-ಸಿ ತೂತು. ಉಪ್ಪುಗಾಳಿಯ ತೇವ ಇರುವಾಗಲೇ ಚಾರ್ಜಿಗೆ ಹಾಕಿದರೆ ಪಿನ್ ಹಸಿರುಗಟ್ಟುತ್ತದೆ. ತೇವವಾದರೆ ಆಫ್ ಮಾಡಿ, ತೂತು ಕೆಳಮುಖವಾಗಿಸಿ ಫ್ಯಾನಿನ ಗಾಳಿಗಿಡಿ. ಅಕ್ಕಿ ಡಬ್ಬಿಯಲ್ಲಿ ಹೂತರೆ ಒಳಗೆ ಸೇರುವುದು ಹಿಟ್ಟು ಅಷ್ಟೇ.

ಪರದೆಯ ಪಿಕ್ಸೆಲ್, ಅಸಲಿ ರ‍್ಯಾಮ್, 4ಜಿ ಬ್ಯಾಂಡ್ ಈ ಮೂರನ್ನೂ ಬೆಲೆಯಷ್ಟೇ ದಪ್ಪಕ್ಷರದಲ್ಲಿ ಪೊಟ್ಟಣದ ಮೇಲೆ ಅಚ್ಚು ಹಾಕುವಂತೆ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಕಡ್ಡಾಯ ಮಾಡಬೇಕು.

– ಮೊಬೈಲ್ ದುರಸ್ತಿಗಾರರು, ಶಿರಸಿ