ನಾನು ಮಡಿಸಿಟ್ಟ ರಿಪೋರ್ಟ್

ಮಗಳೇ,

ನಿನ್ನೆ ನೀನು ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಗದರಿದ್ದು ನನ್ನ ತಪ್ಪು. ಆದರೆ ‘ನಾನು ತೆಳ್ಳಗಿದ್ದೇನೆ, ಮೂವತ್ತೂ ಆಗಿಲ್ಲ, ನನಗೇಕೆ ರಕ್ತಪರೀಕ್ಷೆ?’ ಎಂದೆಯಲ್ಲ, ಆ ಮಾತಿಗೆ ಎದೆ ಝಲ್ಲೆಂದಿತು. ನಿನ್ನ ಅಪ್ಪನೂ ತೆಳ್ಳಗಿದ್ದರು.

ಆ ಬೆಳಗಿನ ಮಾತು ಬೇಡ. ಅದಕ್ಕೆ ಐದು ತಿಂಗಳು ಮೊದಲು ಅಪ್ಪ ರಿಪೋರ್ಟ್ ತಂದು ನನ್ನ ಕೈಗೆ ಕೊಟ್ಟಿದ್ದರು. ಒಟ್ಟು ಕೊಲೆಸ್ಟರಾಲ್ 184. ಇನ್ನೂರರ ಒಳಗಿದೆ, ಚಿಂತೆಯಿಲ್ಲ ಎಂದು ಹೇಳಿದವಳು ನಾನೇ. ಕೆಳಗೆ ಒಳ್ಳೆಯ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ 31, ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡ್ 240. ಎರಡರ ಪಕ್ಕದಲ್ಲೂ ನಕ್ಷತ್ರದ ಗುರುತಿತ್ತು. ನಾನು ಅದನ್ನು ನೋಡಿದ್ದೆ, ಮಗಳೇ. ನೋಡಿಯೂ ನಾಲ್ಕಾಗಿ ಮಡಿಸಿ ಬೀರುವಿನಲ್ಲಿಟ್ಟೆ. ಮಡಿಕೆ ಆ ಎರಡು ಸಾಲುಗಳ ನಡುವೆಯೇ ಬಿದ್ದಿತ್ತು. ತೆಗೆದು ತೆಗೆದು ನೋಡಿ ಈಗ ಕಾಗದ ಅಲ್ಲಿಯೇ ಹರಿಯುತ್ತಿದೆ.

ಎಚ್‌ಡಿಎಲ್ ಕಡಿಮೆ, ಟ್ರೈಗ್ಲಿಸರೈಡ್ ಹೆಚ್ಚು: ದಕ್ಷಿಣ ಏಷ್ಯಾ ಮೂಲದವರಲ್ಲಿ ಈ ಜೋಡಿ ಬಹಳ ಸಾಮಾನ್ಯವೆಂದು ಆಮೇಲೆ ಓದಿದೆ. ಆಫ್ರಿಕಾ ಮೂಲದವರಲ್ಲಿ ಟ್ರೈಗ್ಲಿಸರೈಡ್ ಸಾಮಾನ್ಯವಾಗಿ ಕಡಿಮೆಯಿರುತ್ತದೆ, ರಕ್ತದಲ್ಲಿ ಕೊಲೆಸ್ಟರಾಲ್ ಹೊರುವ ಲಿಪೊಪ್ರೋಟೀನ್-ಎ ಎಂಬ ಕಣ ಹೆಚ್ಚಿರುತ್ತದೆ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಮೊದಲ ಹೃದಯಾಘಾತದ ಸರಾಸರಿ ವಯಸ್ಸು ದಕ್ಷಿಣ ಏಷ್ಯಾದವರಿಗೆ 53, ಉಳಿದವರಿಗೆ ಸುಮಾರು 59. ಅಪ್ಪನಿಗೆ 46. ತಂಬಾಕು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು ಎಲ್ಲ ಜನರಿಗೂ ಶತ್ರುಗಳೇ. ನಮ್ಮವರ ಬಾಗಿಲಿಗೆ ಬೇಗ ಬರುತ್ತವೆ, ಅಷ್ಟೇ. ಹಾಗಾಗಿ ಹುಟ್ಟಿನಿಂದಲೇ ಹಣೆಬರಹ ಮುಗಿದಿದೆ ಎಂದು ನಾನು ನಂಬುವುದಿಲ್ಲ, ನೀನೂ ನಂಬಬೇಡ.

ತೂಕದ ಯಂತ್ರವನ್ನಷ್ಟೇ ನಂಬಬೇಡ. ಏಷ್ಯಾದವರಿಗೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 23 ದಾಟಿದರೇ ಎಚ್ಚರ ಬೇಕು, 25ರವರೆಗೆ ಕಾಯುವಂತಿಲ್ಲ. ಸೊಂಟದ ಸುತ್ತಳತೆ 80 ಸೆಂಟಿಮೀಟರ್ ಮೀರದಿರಲಿ. ಲಿಪೊಪ್ರೋಟೀನ್-ಎ ಪರೀಕ್ಷೆಯನ್ನು ಒಮ್ಮೆಯಾದರೂ ಮಾಡಿಸು; ಅದು ಹೆತ್ತವರಿಂದ ಬರುವಂಥದ್ದು, ಊಟ ವ್ಯಾಯಾಮಗಳಿಂದ ಹೆಚ್ಚೇನೂ ಬದಲಾಗದು. ನೋಡು, ಮತ್ತೆ ಉಪದೇಶವೇ ಆಯಿತು.

ಅಷ್ಟು ದೂರದಲ್ಲಿ ಒಬ್ಬಳೇ ನಿಂತು ಬದುಕು ಕಟ್ಟಿಕೊಂಡಿದ್ದೀಯೆ. ಅಪ್ಪ ಇದ್ದಿದ್ದರೆ ಎದುರು ಸಿಕ್ಕವರಿಗೆಲ್ಲ ಹೇಳಿಕೊಳ್ಳುತ್ತಿದ್ದರು. ನಾನಂತೂ ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ, ನಿನಗೆ ಹೇಳುವುದು ಮಾತ್ರ ಮರೆಯುತ್ತೇನೆ.

ಸಿಟ್ಟಿದ್ದರೆ ಇರಲಿ, ಮಾತನಾಡದಿದ್ದರೂ ಸರಿ. ರಿಪೋರ್ಟಿನ ಫೋಟೊ ಒಂದನ್ನು ಕಳುಹಿಸು. ಈ ಸಲ ಕೊನೆಯ ಸಾಲಿನವರೆಗೂ ಓದುತ್ತೇನೆ.

ನಿನ್ನ ಅಮ್ಮ