ಅಪ್ಪಾಜಿಯ ಸೈಕಲನ್ನು ಗುಜರಿಗೆ ಹಾಕಬೇಡ, ಅವ್ವ

ಉಟ್ರೆಕ್ಟ್, ನೆದರ್ಲೆಂಡ್ಸ್
ಭಾನುವಾರ ರಾತ್ರಿ

ಪೂಜ್ಯ ಅಪ್ಪಾಜಿ ಮತ್ತು ಅವ್ವನಿಗೆ ನಿಮ್ಮ ಮಗಳ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಅಜ್ಜಿ, ಮಂಜು, ಚಿಕ್ಕಪ್ಪನ ಮನೆಯವರೆಲ್ಲ ಕ್ಷೇಮವೆಂದು ನಂಬಿದ್ದೇನೆ.

ಅವ್ವ, ನಿನ್ನ ಕಾಗದ ತಲುಪಿತು. ಫೋನಿನಲ್ಲಿ ಇಷ್ಟು ದಿನ "ಎಲ್ಲ ಸರಿಯಾಗಿದೆ, ನೀನು ಊಟ ಮಾಡಿದೆಯಾ" ಎನ್ನುತ್ತಿದ್ದವಳು ಹಾಳೆಯ ಎರಡೂ ಬದಿ ತುಂಬಿಸಿ ಅಂಚಿನಲ್ಲಿಯೂ ಬರೆದಿರುವುದನ್ನು ಕಂಡಾಗಲೇ ಎದೆ ಧಸಕ್ಕೆಂದಿತು. ಅಪ್ಪಾಜಿ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದು ತಿಂಗಳು ತುಂಬಿಲ್ಲ, ಆಗಲೇ ಬೆಳಗಿನ ಜಾವ ಹಾಲಿನ ನೆಪ ಹೇಳಿ ಸೈಕಲ್ ಹತ್ತಿ ಕುಂದವಾಡ ಕೆರೆಯವರೆಗೆ ಹೋಗಿ ಬರುತ್ತಿದ್ದಾರೆಂದರೆ ಏನು ಹೇಳಲಿ! ಬೀದಿಯ ತುದಿಯ ಅಂಗಡಿಯಿಂದ ತಂದ ಹಾಲಿನ ಪ್ಯಾಕೆಟ್ ಅಷ್ಟು ಬೆಚ್ಚಗೆ ಹೇಗಾಯಿತು ಎಂದು ನೀನು ಕಂಡುಹಿಡಿದದ್ದನ್ನು ಓದಿ, ಆ ಆತಂಕದಲ್ಲಿಯೂ ನಗು ಬಂದಿತು.

ಇದನ್ನು ಫೋನಿನಲ್ಲಿಯೇ ಹೇಳಬಹುದಿತ್ತು. ಆದರೆ ಬೇಡದ ಮಾತು ಬಂದ ಕೂಡಲೇ ಅಪ್ಪಾಜಿಗೆ ನೆಟ್‌ವರ್ಕ್ ಹೋಗಿಬಿಡುತ್ತದೆ. ಕಾಗದಕ್ಕೆ ಆ ಸೌಲಭ್ಯವಿಲ್ಲ. ಮಂಜು ಇದನ್ನು ಗಟ್ಟಿಯಾಗಿ, ಅಜ್ಜಿಗೂ ಕೇಳುವಂತೆ ಓದಲಿ.

ಅಪ್ಪಾಜಿ, ನೀವು ಈಗ ನುಂಗುತ್ತಿರುವುದು ರಕ್ತವನ್ನು ತೆಳುವಾಗಿಸುವ ಮಾತ್ರೆಗಳು. ಹೊಸ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಬಾರದೆಂದು ಅವನ್ನು ಕೊಟ್ಟಿರುತ್ತಾರೆ. ಡಾಕ್ಟರು ಹೇಳುವವರೆಗೆ ಒಂದು ಹೊತ್ತೂ ತಪ್ಪಿಸುವಂತಿಲ್ಲ. ಆ ಮಾತ್ರೆ ನುಂಗುವವರು ಬಿದ್ದರೆ, ತಲೆಗೆ ಪೆಟ್ಟಾದರೆ, ರಕ್ತ ಬೇಗ ನಿಲ್ಲುವುದಿಲ್ಲ. ನೀವು ಬೀಳುವುದಿಲ್ಲ, ನನಗೆ ಗೊತ್ತು. ಮಿಲ್ಲಿನ ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಿನಲ್ಲಿ ಬಂದರೂ ಬೀಳದವರು ನೀವು. ಆದರೆ ನಮ್ಮ ಬೀದಿಯ ನಾಯಿಗಳಿಗೆ, ಬೆಳಗಿನ ಜಾವದ ಟಿಪ್ಪರ್ ಲಾರಿಗಳಿಗೆ ಅದು ಗೊತ್ತಿರಬೇಕಲ್ಲ.

"ನಿನ್ನ ದೇಶದಲ್ಲಿ ಎಂಬತ್ತರ ಮುದುಕರೂ ಸೈಕಲ್ ತುಳಿಯುತ್ತಾರೆಂದು ನೀನೇ ಹೇಳಿದ್ದೆ" ಎಂದು ನೀವು ಅವ್ವನೆದುರು ವಾದ ಹೂಡಿದ್ದೀರಂತೆ. ಹೌದು, ತುಳಿಯುತ್ತಾರೆ. ಈ ದೇಶದಲ್ಲಿ ಜನರಿಗಿಂತ ಸೈಕಲ್ಲುಗಳೇ ಹೆಚ್ಚು. ಆದರೆ ಅವರು ತುಳಿಯುವುದು ಎಲ್ಲಿ? ಲಾರಿಗಳ ಪಕ್ಕದಲ್ಲಿ ಅಲ್ಲ. ಊರ ತುಂಬ ಸೈಕಲ್ಲಿಗೆಂದೇ ಕೆಂಪು ಬಣ್ಣದ ಬೇರೆ ದಾರಿಗಳಿವೆ, ಅದಕ್ಕೆ ಬೇರೆ ಸಿಗ್ನಲ್ ದೀಪಗಳಿವೆ. ಇದೂ ಮೊದಲಿನಿಂದ ಹೀಗೆಯೇ ಇರಲಿಲ್ಲ. 1971ರಲ್ಲಿ ಇಷ್ಟು ಸಣ್ಣ ದೇಶದ ರಸ್ತೆಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ಆಮೇಲೆ ತಂದೆತಾಯಂದಿರು ಬೀದಿಗಿಳಿದು, ಮಕ್ಕಳ ಕೊಲೆ ನಿಲ್ಲಿಸಿ ಎಂದು ಕೂಗಿದ ಮೇಲೆ ಸರ್ಕಾರ ಕಣ್ಣು ತೆರೆಯಿತು. ನಮ್ಮ ದಾವಣಗೆರೆಯ ಪಿ.ಬಿ. ರಸ್ತೆಗೆ ಅಂಥ ಕೆಂಪು ದಾರಿ ಬಂದ ದಿನ ನಾನೇ ನಿಮಗೆ ಹೊಸ ಸೈಕಲ್ ಕೊಡಿಸುತ್ತೇನೆ.

ಇನ್ನೊಂದು ಮಾತು. ಇಲ್ಲಿ ನಮ್ಮ ಕೆಳಮನೆಯ ಅಜ್ಜನಿಗೂ ಸ್ಟೆಂಟ್ ಆಗಿದೆ, ಅವರೂ ಈಗ ಸೈಕಲ್ ಹೊಡೆಯುತ್ತಾರೆ. ಆದರೆ ಆಸ್ಪತ್ರೆಯಿಂದ ಬಂದ ಮಾರನೆಯ ವಾರ ಅಲ್ಲ. ಮೊದಲು ಮನೆಯ ಸುತ್ತ ನಡಿಗೆ, ಆಮೇಲೆ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಯವರ ಕಣ್ಣೆದುರು ವಾರಗಟ್ಟಲೆ ವ್ಯಾಯಾಮ, ಅದಾದ ಮೇಲೆ ಪರೀಕ್ಷೆ. ನಮ್ಮಲ್ಲಿ ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯವನ್ನು ಪರೀಕ್ಷಿಸುತ್ತಾರಲ್ಲ, ಇಲ್ಲಿ ಹೆಚ್ಚಾಗಿ ಎದೆಗೆ ವೈರುಗಳನ್ನು ಅಂಟಿಸಿ, ನಿಂತಲ್ಲೇ ನಿಂತಿರುವ ಸೈಕಲ್ ತುಳಿಸುತ್ತಾರೆ. ಇದನ್ನು ಓದಿ ನೀವು ಅವ್ವನ ಕಡೆ ತಿರುಗಿ ಮೀಸೆಯಡಿಯಲ್ಲಿ ನಗುತ್ತಿದ್ದೀರಿ ಎಂದು ನನಗೆ ಗೊತ್ತು. ನಗಬೇಡಿ. ಅಲ್ಲಿ ಪಕ್ಕದಲ್ಲಿ ಡಾಕ್ಟರು ನಿಂತಿರುತ್ತಾರೆ. ಕುಂದವಾಡ ಕೆರೆಯ ಏರಿಯ ಮೇಲೆ ಬೆಳಿಗ್ಗೆ ಐದೂವರೆಗೆ ಯಾರು ನಿಂತಿರುತ್ತಾರೆ?

ಹಾಗಾಗಿ ಮುಂದಿನ ತಪಾಸಣೆಗೆ ಮಂಜುವಿನೊಡನೆ ಹೋಗಿ, "ಸೈಕಲ್ ಯಾವಾಗ?" ಎಂದು ಡಾಕ್ಟರನ್ನು ನೇರವಾಗಿ ಕೇಳಿ. ಬೇಡ ಎಂದರೆ ಬೇಡ. ಆಗಬಹುದು ಎಂದರೆ ಬೀದಿಯಲ್ಲಿ ಮಾತ್ರ, ಬಿಸಿಲೇರುವ ಮೊದಲು, ಮೊಬೈಲ್ ಜೇಬಿನಲ್ಲಿಟ್ಟುಕೊಂಡು. ಇದು ನನ್ನ ಕೊನೆಯ ಮಾತು. (ಕೊನೆಯದಲ್ಲ, ಫೋನಿನಲ್ಲಿಯೂ ಹೇಳುತ್ತೇನೆ.)

ಇನ್ನು ನಿನ್ನ ಸರದಿ, ಅವ್ವ. ನೀನು ಸಿಟ್ಟಿನಲ್ಲಿ "ಆ ಅಟ್ಲಾಸ್ ಸೈಕಲನ್ನು ಗುಜರಿಯವನಿಗೆ ಕೊಟ್ಟು ಪೀಡೆ ಕಳೆದುಕೊಳ್ಳುತ್ತೇನೆ" ಎಂದು ಬರೆದಿದ್ದೀಯಲ್ಲ, ಅದನ್ನು ಮಾತ್ರ ಮಾಡಬೇಡ.

ಮಂಡಿಪೇಟೆಯಿಂದ ಬೆಲ್ಲ ತರಲು ಹೋದ ಅಪ್ಪ ಮಗಳು ಊಟದ ಹೊತ್ತು ಮೀರಿ ಮನೆಗೆ ಬಂದ ಭಾನುವಾರ ನಿನಗೆ ನೆನಪಿರಬೇಕು. ಸಂಜೆಯವರೆಗೆ ನೀನು ಅಪ್ಪಾಜಿಯೊಡನೆ ಮಾತು ಬಿಟ್ಟಿದ್ದೆ. ಎಲ್ಲಿಗೆ ಹೋಗಿದ್ದೆವೆಂದು ಅವರು ಹೇಳಲೇ ಇಲ್ಲ. ಈಗ ನಾನು ಹೇಳುತ್ತೇನೆ. 2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯವರಿಗೆ ಸೈಕಲ್ ಕೊಡಲು ಶುರುಮಾಡಿತ್ತಲ್ಲ, ಮರುವರ್ಷ ನನಗೂ ಬಂದಿತ್ತು. ಸೈಕಲ್ ಕಲಿತದ್ದು ಅದಕ್ಕೂ ಮೊದಲೇ, ಹೈಸ್ಕೂಲ್ ಮೈದಾನದಲ್ಲಿ, ಅಪ್ಪಾಜಿಯ ಅಟ್ಲಾಸಿನ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದು. ಆದರೆ ಕಲಿಯುವುದೇ ಬೇರೆ, ಮನಸ್ಸು ಕೊಡುವುದೇ ಬೇರೆ. ಅಲ್ಲಿಯವರೆಗೆ ನನಗೆ ಸೈಕಲ್ ಎಂದರೆ ಟ್ಯೂಷನ್, ಹಿಟ್ಟಿನ ಗಿರಣಿ ಮತ್ತು ಮೊಣಕಾಲಿನ ಗಾಯ.

ಅಂದು ಬೆಲ್ಲ ಕೊಂಡಾದ ಮೇಲೆ ಅಪ್ಪಾಜಿ ಮನೆಯ ಕಡೆ ತಿರುಗಲಿಲ್ಲ, ಬಾತಿಯ ಕಡೆ ಹೊರಟರು. ಅವರು ಮುಂದೆ ಅಟ್ಲಾಸಿನಲ್ಲಿ, ನಾನು ಹಿಂದೆ ಸರ್ಕಾರದ ಸೈಕಲ್ಲಿನಲ್ಲಿ. ಎದುರುಗಾಳಿ, ಬಿಸಿಲು, ಕ್ಯಾರಿಯರಿನಲ್ಲಿ ಕರಗುತ್ತಿದ್ದ ಬೆಲ್ಲ. ಗುಡ್ಡದ ಏರು ಬಂದಾಗ ಇಬ್ಬರೂ ಇಳಿದು ತಳ್ಳಿದೆವು. ನನಗೆ ಅಳುವೇ ಬಂದಿತ್ತು, ಸಿಟ್ಟೂ ಬಂದಿತ್ತು. ಮೇಲೆ ನಿಲ್ಲಿಸಿ ನೀರು ಕುಡಿಸಿ, ಸೈಕಲ್ಲುಗಳನ್ನು ಊರಿನ ಕಡೆ ತಿರುಗಿಸಿ ಅಪ್ಪಾಜಿ ಹೇಳಿದ್ದು ಇಷ್ಟೇ: "ಈಗ ತುಳಿಯಬೇಡ. ಬ್ರೇಕಿನ ಮೇಲೆ ಬೆರಳಿಟ್ಟುಕೊಂಡು ಸುಮ್ಮನೆ ಕುಳಿತಿರು."

ಕುಳಿತೆ. ಮೊದಲು ಚಕ್ರ ನಿಧಾನವಾಗಿ ಉರುಳಿತು. ಹಿಂದಿನ ಚಕ್ರದ ಫ್ರೀವೀಲ್ ಟಿಕ್, ಟಿಕ್, ಟಿಕ್ ಎಂದಿತು. ಬರಬರುತ್ತಾ ಆ ಟಿಕ್‌ಗಳು ಒಂದಕ್ಕೊಂದು ಅಂಟಿಕೊಂಡು ಝೀ ಎನ್ನುವ ಒಂದೇ ದನಿಯಾಯಿತು. ಬೆವರು ಒಮ್ಮೆಲೇ ತಣ್ಣಗಾಯಿತು. ಕಣ್ಣಿನಲ್ಲಿ ನೀರು ತುಂಬಿ ಎದುರಿಗಿದ್ದ ಕೆರೆ, ತೋಟ, ರಸ್ತೆ ಎಲ್ಲ ಕಲಸಿಹೋದವು. ನಾನು ಏನನ್ನೂ ಮಾಡುತ್ತಿರಲಿಲ್ಲ, ಆದರೂ ಹೋಗುತ್ತಿದ್ದೆ. ಯಾರೂ ನನ್ನನ್ನು ಕರೆದೊಯ್ಯುತ್ತಿರಲಿಲ್ಲ, ಯಾರನ್ನೂ ಕೇಳಬೇಕಾಗಿಯೂ ಇರಲಿಲ್ಲ. ಹದಿಮೂರರ ಹುಡುಗಿಗೆ ದಾವಣಗೆರೆಯಲ್ಲಿ ಅಂಥ ಅನುಭವ ಬೇರೆಲ್ಲಿ ಸಿಗುತ್ತಿತ್ತು, ನೀನೇ ಹೇಳು. ಅವತ್ತು ಆ ಇಳಿಜಾರಿನಲ್ಲಿ ನನಗೆ ಸೈಕಲ್ಲಿನ ಹುಚ್ಚು ಹಿಡಿಯಿತು. ಕೆಳಗೆ ತಲುಪಿದ ಕೂಡಲೇ "ಅಪ್ಪಾಜಿ, ಇನ್ನೊಂದು ಸಲ" ಎಂದೆ. ಮತ್ತೆ ತಳ್ಳಿದೆವು, ಮತ್ತೆ ಇಳಿದೆವು. ತಡವಾದದ್ದು ಅದಕ್ಕೆ. ಬೆಲ್ಲ ಪೇಪರಿಗೆ ಅಂಟಿಕೊಂಡಿದ್ದೂ ಅದಕ್ಕೆ.

ಆ ಟಿಕ್ ಟಿಕ್ ಎಲ್ಲಿಂದ ಬರುತ್ತದೆ ಎಂದು ವಾರವಿಡೀ ಪೀಡಿಸಿದ್ದಕ್ಕೆ ಅಪ್ಪಾಜಿ ಪಂಚರ್ ಅಂಗಡಿಗೆ ಕರೆದೊಯ್ದು, ಬಿಚ್ಚಿಟ್ಟ ಫ್ರೀವೀಲ್ ತೋರಿಸಿದರು. ಒಳಗೆ ಸಣ್ಣ ಉಕ್ಕಿನ ನಾಲಿಗೆಗಳು. ತುಳಿದಾಗ ಹಲ್ಲಿಗೆ ಕಚ್ಚಿಕೊಂಡು ಚಕ್ರವನ್ನು ತಿರುಗಿಸುತ್ತವೆ, ತುಳಿಯುವುದನ್ನು ನಿಲ್ಲಿಸಿದರೆ ಹಲ್ಲುಗಳ ಮೇಲೆ ಜಾರುತ್ತಾ ಸದ್ದು ಮಾಡುತ್ತವೆ. ಬಿಡಿಟಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಹಟ ಹಿಡಿದು ಮೆಕ್ಯಾನಿಕಲ್ ಸೇರಿದಾಗ "ಹೆಣ್ಣುಮಕ್ಕಳಿಗೆ ಯಾಕೆ ಅದು" ಎಂದು ಚಿಕ್ಕಪ್ಪ ಕೇಳಿದ್ದರಲ್ಲ, ಉತ್ತರ ಆ ಎಣ್ಣೆ ಜಿಡ್ಡಿನ ಫ್ರೀವೀಲಿನಲ್ಲಿತ್ತು. ಇಲ್ಲಿ ಬಂದು ನಾನು ಕೊಂಡ ಹಳೆಯ ಸೈಕಲ್ಲಿಗೆ ಆ ಟಿಕ್ ಟಿಕ್ ಸುಖವಿಲ್ಲ. ಪೆಡಲನ್ನು ಹಿಂದಕ್ಕೆ ತುಳಿದರೆ ಅದೇ ಬ್ರೇಕು! ಅಭ್ಯಾಸಬಲದಿಂದ ಹಿಂದಕ್ಕೆ ತಿರುಗಿಸಿ ನಡುದಾರಿಯಲ್ಲಿ ಗಕ್ಕನೆ ನಿಂತು, ಹಿಂದೆ ಬರುತ್ತಿದ್ದವರಿಂದ ಅರ್ಥವಾಗದ ಭಾಷೆಯಲ್ಲಿ ಬೈಸಿಕೊಂಡಿದ್ದೇನೆ. ಅರ್ಥವಾಗದ್ದೇ ಒಳ್ಳೆಯದಾಯಿತು.

ಶಾಂತಕ್ಕ ತಂದ ಹರಿಹರದ ಸಂಬಂಧದವರು "ಹುಡುಗಿ ಫಾರಿನ್‌ನಲ್ಲಿದ್ದರೂ ಆಫೀಸಿಗೆ ಸೈಕಲ್ಲಿನಲ್ಲಿ ಹೋಗುತ್ತಾಳಂತೆ, ಸಂಬಳ ಕಡಿಮೆಯೇನೋ" ಎಂದರಂತೆ. ಶಾಂತಕ್ಕನಿಗೆ ಹೇಳು: ಇಲ್ಲಿನ ಪ್ರಧಾನಿಯಾಗಿದ್ದ ಮಾರ್ಕ್ ರುಟ್ಟೆ ಅವರೇ ಕಚೇರಿಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದರು. 2017ರಲ್ಲಿ ನಮ್ಮ ಮೋದಿಯವರು ಬಂದಾಗ ಅವರಿಗೂ ಒಂದು ಸೈಕಲ್ ಉಡುಗೊರೆ ಕೊಟ್ಟಿದ್ದರು. ಇಲ್ಲಿ ಉಟ್ರೆಕ್ಟಿನ ರೈಲು ನಿಲ್ದಾಣದ ಅಡಿಯಲ್ಲಿ ಸೈಕಲ್ ನಿಲ್ಲಿಸಲೆಂದೇ ಮೂರು ಅಂತಸ್ತುಗಳಿವೆ, 12,500 ಸೈಕಲ್ಲುಗಳು ಹಿಡಿಯುತ್ತವೆ, ಮೊದಲ ದಿನ ಪುಕ್ಕಟೆ. ಬೆಳಿಗ್ಗೆ ಅಲ್ಲಿಂದ ಹೊರಬೀಳುವ ಜನರನ್ನು ನೋಡಿದರೆ, ಅಪ್ಪಾಜಿ ಹೇಳುತ್ತಿದ್ದ ಕಾಟನ್ ಮಿಲ್ಲಿನ ಪಾಳಿ ಬಿಡುವ ಹೊತ್ತು ನೆನಪಾಗುತ್ತದೆ. ಇದೆಲ್ಲ ಕೇಳಿಯೂ ಅವರಿಗೆ ಕಾರೇ ಬೇಕೆಂದರೆ ಆ ಸಂಬಂಧ ಬೇಡ. ಸದ್ಯಕ್ಕೆ ಯಾವ ಸಂಬಂಧವೂ ಬೇಡ, ಅದು ಬೇರೆ ವಿಷಯ.

ಆಸ್ಪತ್ರೆಗಾಗಿ ಚಿಕ್ಕಪ್ಪನಿಂದ ತೆಗೆದುಕೊಂಡ ಹಣವನ್ನು ಈ ತಿಂಗಳ ಸಂಬಳ ಬಂದ ಕೂಡಲೇ ಮಂಜುವಿನ ಖಾತೆಗೆ ಹಾಕುತ್ತೇನೆ. ಸೈಟ್ ಮಾರುವ ಮಾತು ಎತ್ತಬೇಡಿ. ನನಗೆ ಇಲ್ಲಿ ಯಾವ ತೊಂದರೆಯೂ ಇಲ್ಲ. ಚಳಿ ಏನೂ ಅನ್ನಿಸುವುದಿಲ್ಲ. ನಾಲ್ಕೂವರೆಗೆ ಕತ್ತಲಾದರೆ ಏನಂತೆ, ಸೈಕಲ್ಲಿಗೆ ಮುಂದೆ ಹಿಂದೆ ಎರಡು ದೀಪಗಳಿವೆ. ಮಳೆಗೆ ಒಳ್ಳೆಯ ಕೋಟ್ ಇದೆ. ಬೀಳುವುದಿಲ್ಲ. ಮೂರು ಹೊತ್ತು ಊಟ ಮಾಡುತ್ತೇನೆ. ನೀನು ಕಳಿಸಿದ ಶೇಂಗಾ ಚಟ್ನಿಪುಡಿ ಇನ್ನೂ ಇದೆ. ಹೆಲ್ಮೆಟ್ ಹಾಕುತ್ತೀಯಾ ಎಂದು ನೀನು ಕೇಳಿದ್ದೆ. ಇಲ್ಲಿ ಯಾರೂ ಹಾಕುವುದಿಲ್ಲ, ನಾನೊಬ್ಬಳೇ ಹಾಕುತ್ತೇನೆ, ನಿನಗಾಗಿ.

ಸಹೋದ್ಯೋಗಿಯೊಬ್ಬರು ನಾಳೆ ಬೆಂಗಳೂರಿಗೆ ಹೊರಟಿದ್ದಾರೆ, ಇದನ್ನು ಅಲ್ಲಿ ಅಂಚೆಗೆ ಹಾಕುತ್ತಾರೆ. ಬೆಳಗಾಗುವ ಮೊದಲೇ ಅವರ ಮನೆಗೆ ತಲುಪಿಸಬೇಕು. ಅಜ್ಜಿಗೆ ನಮಸ್ಕಾರ ಹೇಳಿ. ಮಂಜು, ಮಾತ್ರೆ ಚೀಟಿಯ ಫೋಟೊ ಕಳಿಸು, ಮರೆಯಬೇಡ. ಅಟ್ಲಾಸಿನ ಚೈನಿಗೆ ಎಣ್ಣೆ ಬಿಟ್ಟು ಒಳಗೆ ನಿಲ್ಲಿಸಿ, ಬೀಗದ ಕೈ ಅವ್ವನಿಗೆ ಕೊಡು. ಎರಡನೆಯ ಬೀಗದ ಕೈ ದೇವರ ಮನೆಯ ಕುಂಕುಮದ ಡಬ್ಬಿಯಲ್ಲಿ ಇರುತ್ತದೆ, ಅಪ್ಪಾಜಿಗೆ ಗೊತ್ತು. ಅದನ್ನೂ ತೆಗೆದುಕೊ.

ಇಂತಿ ನಿಮ್ಮ ಪ್ರೀತಿಯ ಮಗಳು