ಧ್ವಜಾರೋಹಣ, ಚರಿತ್ರೆಯ ಪಾಠ ಮತ್ತು ನಮ್ಮ ನಂಬಿಕೆ: ಪೋಷಕರಿಗೆ ಒಂದು ಪತ್ರ

ಮಂಗಳೂರು, ಜುಲೈ 28

ಮಾನ್ಯ ಪೋಷಕರೇ,

ಸಪ್ರೇಮ ನಮಸ್ಕಾರಗಳು.

ಸ್ವಾತಂತ್ರ್ಯೋತ್ಸವಕ್ಕೆ ಇನ್ನು ಮೂರು ವಾರಗಳೂ ಉಳಿದಿಲ್ಲ. ಸಿದ್ಧತೆಯ ಸುತ್ತೋಲೆಯನ್ನು ತರಗತಿ ಶಿಕ್ಷಕರು ಈಗಾಗಲೇ ಮಕ್ಕಳ ಡೈರಿಯಲ್ಲಿ ಅಂಟಿಸಿ ಕಳುಹಿಸಿದ್ದಾರೆ. ಆದರೂ ಈ ಪತ್ರವನ್ನು ಪ್ರತ್ಯೇಕವಾಗಿ ಬರೆಯಲು ಎರಡು ಕಾರಣಗಳಿವೆ. ಒಂದು, ಆಗಸ್ಟ್ 15ರಂದು ಇಗರ್ಜಿಯಲ್ಲಿ ಹಬ್ಬದ ಬಲಿಪೂಜೆ ಇರುವಾಗ ಮಗುವನ್ನು ಶಾಲೆಗೆ ಕಳುಹಿಸಲೇಬೇಕೇ ಎಂದು ಕೆಲವು ಪೋಷಕರು ಕೇಳಿದ್ದಾರೆ. ಇನ್ನೊಂದು, ಹತ್ತನೇ ತರಗತಿಯ ಚರಿತ್ರೆಯ ಪಾಠದಲ್ಲಿ ಈ ತಿಂಗಳು ನಡೆದ, ನನ್ನನ್ನು ಬಹಳ ಯೋಚನೆಗೆ ಹಚ್ಚಿದ ಒಂದು ಘಟನೆ.

ಮೊದಲನೆಯದಕ್ಕೆ ಉತ್ತರ ಸುಲಭ. ಮಾತೆ ಮರಿಯಳ ಸ್ವರ್ಗಾರೋಹಣದ ಹಬ್ಬ ಮತ್ತು ದೇಶದ ಸ್ವಾತಂತ್ರ್ಯ ದಿನ ಒಂದೇ ತಾರೀಖಿಗೆ ಬಂದಿರುವುದು ನಮಗೆ ಇಕ್ಕಟ್ಟಲ್ಲ, ಸಂತೋಷ. ಬೆಳಗಿನ ಬಲಿಪೂಜೆ ಮುಗಿಸಿ ಬರುವವರಿಗೆ ಅನುಕೂಲವಾಗಲೆಂದು ಧ್ವಜಾರೋಹಣವನ್ನು 9 ಗಂಟೆಗೆ ಇಟ್ಟಿದ್ದೇವೆ. ಅಂದು ಮಕ್ಕಳು ಬರಲೇಬೇಕು. ರಜೆ ಎಂದರೆ ಪಾಠಕ್ಕೆ ರಜೆಯೇ ಹೊರತು ದೇಶದ ನೆನಪಿಗೆ ರಜೆಯಲ್ಲ. ಧಾರ್ಮಿಕ ಕಾರಣದಿಂದ ರಾಷ್ಟ್ರಗೀತೆಯನ್ನು ಹಾಡಲು ಮನಸ್ಸಾಕ್ಷಿ ಒಪ್ಪದ ಮಗು ಯಾರಾದರೂ ಇದ್ದರೆ ನನ್ನನ್ನು ನೇರವಾಗಿ ಭೇಟಿಯಾಗಿ. ಕೇರಳದ ಮೂವರು ಮಕ್ಕಳ ಪ್ರಕರಣದಲ್ಲಿ, ಗೌರವದಿಂದ ಎದ್ದು ನಿಂತ ಮಗುವನ್ನು ಹಾಡಲಿಲ್ಲವೆಂಬ ಕಾರಣಕ್ಕೆ ಶಾಲೆಯಿಂದ ಹೊರಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1986ರಲ್ಲಿ ಹೇಳಿದೆ. ನಮ್ಮ ಶಾಲೆ ಆ ಮಾತಿಗೆ ಬದ್ಧವಾಗಿದೆ.

ಎರಡನೆಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಮೈಸೂರು ಯುದ್ಧಗಳ ಪಾಠ ನಡೆಯುತ್ತಿದ್ದಾಗ ಒಬ್ಬ ವಿದ್ಯಾರ್ಥಿ ತನ್ನ ಅಜ್ಜಿಯಿಂದ ಕೇಳಿದ್ದ ಶ್ರೀರಂಗಪಟ್ಟಣದ ಸೆರೆಯ ಕಥೆಯನ್ನು ಹೇಳಿದ. ಹೇಳಿ ಮುಗಿಸುವಾಗ ಪಕ್ಕದ ಬೆಂಚಿನಲ್ಲಿದ್ದ ಮುಸ್ಲಿಂ ಸಹಪಾಠಿಯ ಕಡೆಗೆ ತಿರುಗಿ, "ಇದೆಲ್ಲ ನಿಮ್ಮವರು ಮಾಡಿದ್ದು" ಎಂದ. ಆ ಹುಡುಗ ಏನೂ ಉತ್ತರಿಸಲಿಲ್ಲ, ಮರುದಿನ ಶಾಲೆಗೂ ಬರಲಿಲ್ಲ. ನಾನು ಇಬ್ಬರ ಮನೆಯವರೊಡನೆಯೂ ಮಾತನಾಡಿದ್ದೇನೆ, ಹುಡುಗರಿಬ್ಬರೂ ಈಗ ಮೊದಲಿನಂತೆ ಜೊತೆಗೆ ಊಟಕ್ಕೆ ಕೂರುತ್ತಾರೆ. ಆದರೆ ಆ ಮಾತು ಮಗುವಿನ ಬಾಯಿಗೆ ಬಂದದ್ದು ಎಲ್ಲಿಂದ ಎಂಬುದನ್ನು ದೊಡ್ಡವರಾದ ನಾವು ಕೇಳಿಕೊಳ್ಳಬೇಕಾಗಿದೆ.

ಆ ಸೆರೆ ಸುಳ್ಳಲ್ಲ. 1784ರ ಫೆಬ್ರವರಿಯಲ್ಲಿ, ತಪಸ್ಸುಕಾಲ ಆರಂಭವಾಗುವ ವಿಭೂತಿ ಬುಧವಾರದ ಸುಮಾರಿಗೆ, ಕರಾವಳಿಯ ಕಥೋಲಿಕರ ಬಂಧನ ಆರಂಭವಾಯಿತು. ಯುದ್ಧದಲ್ಲಿ ಇವರು ಇಂಗ್ಲಿಷರ ಕಡೆ ನಿಂತರೆಂಬ ಸಂಶಯ ಟಿಪ್ಪು ಸುಲ್ತಾನನಿಗಿತ್ತು. ಸಾವಿರಾರು ಜನ, ಹೆಂಗಸರು ಮಕ್ಕಳೆನ್ನದೆ, ಘಟ್ಟ ಹತ್ತಿ ಶ್ರೀರಂಗಪಟ್ಟಣದವರೆಗೆ ನಡೆದರು. ದಾರಿಯಲ್ಲಿ ಸತ್ತವರಿದ್ದರು, ಬದುಕಿ ತಲುಪಿದವರಲ್ಲೂ ಎಷ್ಟೋ ಜನ ಊರಿಗೆ ಮರಳಲಿಲ್ಲ. ಇಗರ್ಜಿಗಳನ್ನು ಕೆಡವಲಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಉಳಿದವರು ತಿರುಗಿ ಬಂದರು. ನಮ್ಮ ಮನೆಯಲ್ಲೂ ದೊಡ್ಡಜ್ಜಿ ರಾತ್ರಿಯ ತೇರ್ಸ (ಜಪಮಾಲೆಯ ಪ್ರಾರ್ಥನೆ) ಮುಗಿದ ಮೇಲೆ ಈ ಕಥೆಯನ್ನು ಹೇಳುತ್ತಿದ್ದರು, ಹೇಳುವಾಗ ಅವರ ದನಿ ಇಳಿಯುತ್ತಿತ್ತು. ಈ ನೋವನ್ನು ಮರೆತುಬಿಡಿ ಎಂದು ನಾನು ಯಾವ ಮಗುವಿಗೂ ಹೇಳಲಾರೆ. ಆದರೆ ಅದೇ ಟಿಪ್ಪು 1791ರಲ್ಲಿ ಮರಾಠಾ ದಂಡು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಮಠಕ್ಕೆ ನೆರವು ಕಳುಹಿಸಿದ್ದೂ ನಿಜ. ಇಂಗ್ಲಿಷರೊಡನೆ ಹೋರಾಡಿ ರಣರಂಗದಲ್ಲೇ ಮಡಿದದ್ದೂ ನಿಜ. ಇವುಗಳಲ್ಲಿ ತಮಗೆ ಬೇಕಾದ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಮುಚ್ಚಿಡುವುದು ಚರಿತ್ರೆಯಲ್ಲ. ಇನ್ನೂರನಲವತ್ತು ವರ್ಷಗಳ ಹಿಂದಿನ ಒಬ್ಬ ಅರಸನ ಆಜ್ಞೆಗೆ ಬಂದರಿನ ಮೀನು ವ್ಯಾಪಾರಿಯ ಮಗ ಉತ್ತರ ಹೇಳಬೇಕಾಗಿಯೂ ಇಲ್ಲ.

ಕ್ರೈಸ್ತರಾದ ನಾವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು. ನಮ್ಮ ಪೂರ್ವಜರಲ್ಲಿ ಬಹಳ ಮಂದಿ ಗೋವೆಯಿಂದ ಈ ಕಡೆಗೆ ಬಂದವರು. ಬರಲು ಬರಗಾಲ, ಯುದ್ಧ, ತೆರಿಗೆ ಕಾರಣಗಳಾದಂತೆ 1560ರಲ್ಲಿ ಅಲ್ಲಿ ಸ್ಥಾಪನೆಯಾದ, ನಂಬಿಕೆಯಲ್ಲಿ ತಪ್ಪಿದರೆನಿಸಿದವರನ್ನು ವಿಚಾರಿಸಿ ಶಿಕ್ಷಿಸುತ್ತಿದ್ದ ಧರ್ಮವಿಚಾರಣೆಯ ನ್ಯಾಯಾಲಯದ (ಇನ್‌ಕ್ವಿಸಿಷನ್) ಭಯವೂ ಕಾರಣವಾಗಿತ್ತು. ಅದನ್ನು ನಡೆಸಿದವರು ಬೇರೆಯವರಲ್ಲ, ಶಿಲುಬೆಯ ಗುರುತು ಮಾಡಿಕೊಂಡು ಆಸನದಲ್ಲಿ ಕುಳಿತ ನಮ್ಮದೇ ಧರ್ಮಸಭೆಯವರು. ಅದು ಕೊನೆಯದಾಗಿ ರದ್ದಾದದ್ದು 1812ರಲ್ಲಿ. 2000ದ ಮಾರ್ಚ್ 12ರಂದು ಪೋಪ್ ಎರಡನೇ ಜಾನ್ ಪಾಲ್ ಅವರು ಧರ್ಮಸಭೆಯ ಮಕ್ಕಳು ಹಿಂದೆ ಮಾಡಿದ ಪಾಪಗಳಿಗಾಗಿ ರೋಮಿನಲ್ಲಿ ಬಹಿರಂಗವಾಗಿ ದೇವರ ಕ್ಷಮೆ ಬೇಡಿದರು. ನಮಗಾದ ಅನ್ಯಾಯವನ್ನು ಹೇಳುವ ನಾಲಿಗೆಯೇ ನಮ್ಮವರಿಂದಾದ ಅನ್ಯಾಯವನ್ನೂ ಹೇಳಬೇಕೆಂಬುದು ನಮ್ಮ ನಂಬಿಕೆಯ ಕಟ್ಟುನಿಟ್ಟಿನ ಬೇಡಿಕೆ. ಪಾಪನಿವೇದನೆಗೆ ಮಕ್ಕಳನ್ನು ಸಿದ್ಧಗೊಳಿಸುವಾಗ ನಾವು ಕಲಿಸುವುದು ಇದನ್ನೇ ಅಲ್ಲವೇ? ಆದ್ದರಿಂದ ಈ ವರ್ಷದಿಂದ ಶ್ರೀರಂಗಪಟ್ಟಣವನ್ನು ಹೇಳುವ ತರಗತಿಯಲ್ಲೇ ಗೋವೆಯನ್ನೂ ಹೇಳುತ್ತೇವೆ.

ಹೊಗಳಿಕೆಯಲ್ಲೂ ಇದೇ ನ್ಯಾಯ ಇರಲಿ. ಕ್ರೈಸ್ತರು ಈ ನಾಡಿಗೆ ಕೊಟ್ಟದ್ದನ್ನು ಹೇಳಲು ನಾವು ಹಿಂಜರಿಯುವುದಿಲ್ಲ. ಜರ್ಮನ್ ಮಿಶನರಿ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಇದೇ ಊರಿನಿಂದ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರತಂದರು. ಕಿಟೆಲ್ ಅವರ ನಿಘಂಟು 1894ರಲ್ಲಿ ಇಲ್ಲಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಉಡುಪಿಯ ಬೆಳ್ಳೆಯಲ್ಲಿ ಹುಟ್ಟಿದ ಜೋಕಿಂ ಆಳ್ವರು ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆಮನೆ ಕಂಡರು, 1952ರಲ್ಲಿ ಅವರು ಲೋಕಸಭೆಗೂ ಅವರ ಪತ್ನಿ ವಯಲೆಟ್ ರಾಜ್ಯಸಭೆಗೂ ಹೋದರು. ಮಂಗಳೂರಿನಲ್ಲಿ ಹುಟ್ಟಿದ ಯೇಸುಸಭೆಯ ಗುರು ಜೆರೋಮ್ ಡಿಸೋಜರು ಸಂವಿಧಾನ ರಚನಾ ಸಭೆಯಲ್ಲಿ ಕುಳಿತಿದ್ದರು. ಅದೇ ಸಭೆಯ ಉಪಾಧ್ಯಕ್ಷರಾಗಿದ್ದ ಬಂಗಾಳದ ಕ್ರೈಸ್ತ ಎಚ್. ಸಿ. ಮುಖರ್ಜಿಯವರು, ಶಾಸನಸಭೆಗಳಲ್ಲಿ ಧರ್ಮದ ಆಧಾರದ ಮೀಸಲು ಸ್ಥಾನಗಳು ಬೇಡವೆಂಬ 1949ರ ತೀರ್ಮಾನವನ್ನು ಬೆಂಬಲಿಸಿದರು. ಅಲ್ಪಸಂಖ್ಯಾತರಾಗಿದ್ದೂ ನೆರೆಯವರನ್ನು ನಂಬಿ ಇಟ್ಟ ಆ ಹೆಜ್ಜೆ ನನಗೆ ಯಾವ ಭಾಷಣಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ. ಇಷ್ಟನ್ನೂ ಹೇಳಿದ ಮೇಲೆ, ನಮ್ಮ ಮಕ್ಕಳ ಹಿರಿಯರು ಇವರು ಮಾತ್ರ ಅಲ್ಲ ಎಂಬುದನ್ನೂ ಹೇಳಬೇಕು. 1857ಕ್ಕಿಂತ ಇಪ್ಪತ್ತು ವರ್ಷ ಮೊದಲು, 1837ರ ಏಪ್ರಿಲ್‌ನಲ್ಲಿ, ಕೆದಂಬಾಡಿ ರಾಮಯ್ಯ ಗೌಡರ ನೇತೃತ್ವದ ಅಮರ ಸುಳ್ಯದ ರೈತರು ಮಂಗಳೂರನ್ನು ಹಿಡಿದು ಬಾವುಟಗುಡ್ಡೆಯಲ್ಲಿ ತಮ್ಮ ಬಾವುಟ ಏರಿಸಿದರು. ಆ ಗುಡ್ಡೆಯ ಮೇಲೆ ನಿತ್ಯ ಬಸ್ಸಿನಲ್ಲಿ ಹಾದುಹೋಗುವ ನಮ್ಮ ಮಗುವಿಗೆ ಆ ಹೆಸರಿನ ಅರ್ಥ ಗೊತ್ತಿಲ್ಲದಿದ್ದರೆ ಅದು ನಮ್ಮ ಕೊರತೆ.

ರಾಜಕೀಯದ ಬಗ್ಗೆ ಎರಡು ಮಾತು. ಬೆಳಗಿನ ಪ್ರಾರ್ಥನಾ ಸಭೆಯಲ್ಲಿ ದೇಶವನ್ನೂ ರಾಜ್ಯವನ್ನೂ ಆಳುವವರಿಗಾಗಿ ನಾವು ಪ್ರಾರ್ಥಿಸುತ್ತೇವೆ. ಇದು ಯಾವುದೋ ಪಕ್ಷಕ್ಕೆ ಬೆಂಬಲವೇ ಎಂದು ಒಬ್ಬ ಪೋಷಕರು ಕೇಳಿದ್ದರು. ಅರಸರಿಗಾಗಿಯೂ ಅಧಿಕಾರಿಗಳಿಗಾಗಿಯೂ ಪ್ರಾರ್ಥಿಸಬೇಕೆಂಬ ಉಪದೇಶ ತಿಮೊಥೇಯನಿಗೆ ಬರೆದ ಮೊದಲ ಪತ್ರದಲ್ಲಿದೆ, ಅದು ಬಂದದ್ದು ಆಳುವವರು ಕ್ರೈಸ್ತರಲ್ಲದ ರೋಮನ್ ಸಾಮ್ರಾಜ್ಯದ ಕಾಲದಲ್ಲಿ. ಅಂಥ ಪ್ರಾರ್ಥನೆ ಆಳುವವರನ್ನು ಒಪ್ಪಿಕೊಂಡಂತಲ್ಲ, ಅವರನ್ನು ಪ್ರಶ್ನಿಸುವ ಹಕ್ಕನ್ನು ಬಿಟ್ಟುಕೊಟ್ಟಂತೆಯೂ ಅಲ್ಲ. ಯಾರಿಗೆ ಮತ ಹಾಕಬೇಕೆಂದು ಈ ಶಾಲೆಯ ಯಾವ ಶಿಕ್ಷಕರೂ ಮಕ್ಕಳಿಗೆ ಹೇಳುವುದಿಲ್ಲ. ಹೇಳಿದ್ದು ಗಮನಕ್ಕೆ ಬಂದರೆ ದಯವಿಟ್ಟು ನನಗೆ ತಿಳಿಸಿ.

ಪ್ರವಾದಿ ಯೆರೆಮೀಯನು ಬಾಬಿಲೋನಿಗೆ ಸೆರೆಹೋದ ತನ್ನ ಜನರಿಗೆ ಬರೆದ ಪತ್ರದಲ್ಲಿ, ನೀವಿರುವ ಆ ಪಟ್ಟಣದ ಕ್ಷೇಮವನ್ನೇ ಹಾರೈಸಿ, ಅದಕ್ಕಾಗಿ ಪ್ರಾರ್ಥಿಸಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮವಿದೆ ಎನ್ನುತ್ತಾನೆ. ಸೆರೆಯಾಳುಗಳಿಗೇ ಹೀಗೆ ಹೇಳಿದ್ದರೆ, ಸ್ವಂತ ಊರಿನಲ್ಲಿ ಸಮಾನ ಪೌರರಾಗಿ ಬಾಳುತ್ತಿರುವ ನಮಗೆ ಅದು ಎಷ್ಟು ಹೆಚ್ಚು ಅನ್ವಯಿಸಬೇಕು! ಆಗಸ್ಟ್ 15ರ ಸಭೆಯಲ್ಲಿ ಈ ಭಾಗವನ್ನು ಓದುವ ಹೊಣೆಯನ್ನು ಹತ್ತನೇ ತರಗತಿಯವರಿಗೆ ವಹಿಸಿದ್ದೇನೆ. ಮೇಲೆ ಹೇಳಿದ ಹುಡುಗರಲ್ಲಿ ಮೊದಲನೆಯವನು ಇದನ್ನು ಓದುತ್ತಾನೆ, ಎರಡನೆಯವನು ಸಂವಿಧಾನದ ಪ್ರಸ್ತಾವನೆಯನ್ನು ಓದುತ್ತಾನೆ. ಇಬ್ಬರೂ ತಾವಾಗಿಯೇ ಒಪ್ಪಿಕೊಂಡಿದ್ದಾರೆ.

ಕೊನೆಯದಾಗಿ ಒಂದು ವಿನಂತಿ. ನಿಮ್ಮ ಮನೆಯ ಹಿರಿಯರು ಸ್ವಾತಂತ್ರ್ಯದ ದಿನಗಳ ಬಗ್ಗೆ, ಈ ಜಿಲ್ಲೆ ಮದ್ರಾಸಿನಿಂದ ಬೇರ್ಪಟ್ಟು 1956ರಲ್ಲಿ ಕನ್ನಡ ರಾಜ್ಯಕ್ಕೆ ಸೇರಿದ ಬಗ್ಗೆ, ಅಥವಾ ಹೆಂಚಿನ ಕಾರ್ಖಾನೆಯಲ್ಲಿ ದುಡಿದ ಕಾಲದ ಬಗ್ಗೆ ಹೇಳುವುದನ್ನು ಮಕ್ಕಳು ಕೇಳಿ, ಎರಡು ಪುಟ ಬರೆದು ಆಗಸ್ಟ್ 10ರೊಳಗೆ ತರಗತಿ ಶಿಕ್ಷಕರಿಗೆ ಕೊಡಲಿ. ಹಳೆಯ ಚಿತ್ರ ಅಥವಾ ಕಾಗದಪತ್ರ ಇದ್ದರೆ ಮೂಲಪ್ರತಿ ಬೇಡ, ನಕಲು ಸಾಕು. ಯಾವ ಧರ್ಮದ, ಯಾವ ಭಾಷೆಯ ಮನೆಯದೇ ಆಗಲಿ, ಎಲ್ಲವನ್ನೂ ಸಭಾಂಗಣದ ಗೋಡೆಯ ಮೇಲೆ ಹಾಕುತ್ತೇವೆ. ಬಾವುಟಗಳನ್ನು ಶಾಲೆಯೇ ಕೊಡುವುದರಿಂದ ಪ್ಲಾಸ್ಟಿಕ್ ಬಾವುಟ ಕೊಂಡು ಕಳುಹಿಸಬೇಡಿ.

ಇತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ